ಬಾಗಿಲಲ್ಲಿ ವಯಸ್ಸು ಕೇಳುವ ಊರು

ಅಮೆರಿಕದ ಹೇವರ್ಡ್‌ನ ಗೋದಾಮುಗಳ ನಡುವೆ, ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕೆಲಸಕ್ಕೆ ಸೇರಿದ ಮೊದಲ ವಾರವೇ ಅಲ್ಲಿನ ಕಂಪ್ಯೂಟರು ನನ್ನನ್ನು ಮಗುವೆಂದು ತೀರ್ಮಾನಿಸಿತು. ಆಗ ನನಗೆ ಇಪ್ಪತ್ತೇಳು. ಮಂಡ್ಯದಲ್ಲಿ ಅಮ್ಮ "ಹುಡ್ಗಿಗೆ ವಯಸ್ಸು ಮೀರ್ತಾ ಅದೆ" ಎಂದು ಕಂಡಕಂಡವರ ಹತ್ತಿರ ಗೋಳಾಡುತ್ತಿದ್ದಳು. ಇಲ್ಲಿ ನೋಡಿದರೆ, ನೀವು ವಯಸ್ಕರೆಂದು ಖಾತ್ರಿಯಾಗಿಲ್ಲ, ಪ್ರವೇಶವಿಲ್ಲ ಎಂದು ಪರದೆಯ ಮೇಲೆ ಕೆಂಪಕ್ಷರ.

ನಮ್ಮ ಕಂಪನಿಯ ವ್ಯವಹಾರವೇ ಅದು. ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ, ದೊಡ್ಡವರಿಗೆ ಮಾತ್ರ ಎನ್ನುವ ವೆಬ್‌ಸೈಟುಗಳ ಬಾಗಿಲಲ್ಲಿ ನಿಂತು, ಬಂದವರ ವಯಸ್ಸು ಕೇಳುವುದು. ಆ ಬಾಗಿಲು ಸರಿಯಾಗಿ ಮುಚ್ಚಿ ತೆರೆಯುತ್ತದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಆ ವರ್ಷಗಳಲ್ಲಿ ಅಮೆರಿಕದ ಕೆಲವು ರಾಜ್ಯಗಳು, ಬಂದವರು ಮಕ್ಕಳಲ್ಲವೆಂದು ತಿಳಿದುಕೊಳ್ಳದೆ ಇಂಥ ಸೈಟುಗಳು ಏನನ್ನೂ ತೋರಿಸಕೂಡದು ಎಂದು ತಮ್ಮ ತಮ್ಮ ಮಟ್ಟಿಗೆ ಕಾನೂನು ಮಾಡುತ್ತಿದ್ದವು. ಮಾತಿನ ಸ್ವಾತಂತ್ರ್ಯಕ್ಕೆ ಧಕ್ಕೆಯೆಂದು ಯಾರಾದರೂ ಕೋರ್ಟಿಗೆ ಹೋಗುತ್ತಿದ್ದರು, ಕೋರ್ಟು ತಡೆ ಹಾಕುತ್ತಿತ್ತು, ಅಷ್ಟರಲ್ಲಿ ಇನ್ನೊಂದು ರಾಜ್ಯ ಶುರು ಮಾಡುತ್ತಿತ್ತು. ಕಾನೂನು ಬಂದ ದಿನ ನಮ್ಮ ಆಫೀಸಿನಲ್ಲಿ ಪಿಜ್ಜಾ. ತಡೆ ಬಿದ್ದ ದಿನ ಎಲ್ಲರೂ ಮನೆಯಿಂದ ತಂದದ್ದನ್ನೇ ತಿನ್ನುತ್ತಿದ್ದರು.

ಮುಖ ಕಾಣದವರ ವಯಸ್ಸು ತಿಳಿಯುವುದು ಹೇಗೆ? ಕ್ರೆಡಿಟ್ ಕಾರ್ಡಿನಿಂದ. ಮಕ್ಕಳಿಗೆ ಬ್ಯಾಂಕು ಕಾರ್ಡು ಕೊಡುವುದಿಲ್ಲ, ಆದ್ದರಿಂದ ಕಾರ್ಡಿದ್ದವರೆಲ್ಲ ದೊಡ್ಡವರು. ನಮ್ಮೂರ ಟಾಕೀಸಿನಲ್ಲಿ 'ಎ' ಸಿನಿಮಾ ಬಂದಾಗ ಗೇಟಿನವನು ಮೀಸೆ ನೋಡಿ ಒಳಗೆ ಬಿಡುತ್ತಿದ್ದ. ಮೀಸೆ ಸರಿಯಾಗಿ ಬಾರದ ನಮ್ಮ ಚಿಕ್ಕಪ್ಪ ಮದುವೆಯಾದ ಮೇಲೂ ಅಲ್ಲಿಂದ ವಾಪಸ್ಸಾಗಿದ್ದನೆಂದು ಮನೆಮಂದಿಯೆಲ್ಲ ನಗುತ್ತಿದ್ದೆವು. ಕಾರ್ಡಿಲ್ಲದ ನಾನು ಈಗ ಅವನ ಸಾಲಿಗೆ ಸೇರಿದ್ದೆ.

ಕಾರ್ಡು ಇಲ್ಲದಿದ್ದರೆ ಮನೆಯೂ ಸಿಗದೆಂದು ಆಮೇಲೆ ತಿಳಿಯಿತು. ಲಾಸ್ ಆಲ್ಟೋಸ್ ಪಕ್ಕದ ಅಪಾರ್ಟ್‌ಮೆಂಟೊಂದರಲ್ಲಿ ಮ್ಯಾನೇಜರಮ್ಮ ನನ್ನ ಕ್ರೆಡಿಟ್ ಹಿಸ್ಟರಿ ಕೇಳಿದಳು. ಎಂದರೆ, ಸಾಲ ಮಾಡಿ ತೀರಿಸಿದ ಚರಿತ್ರೆ. ನಾನು ಎದೆಯುಬ್ಬಿಸಿ, "ನಮ್ಮ ವಂಶದಲ್ಲೇ ಯಾರೂ ಸಾಲ ಮಾಡಿಲ್ಲ" ಎಂದೆ. ಆಕೆ ಅಯ್ಯೋ ಪಾಪ ಎನ್ನುವಂತೆ ನನ್ನನ್ನು ನೋಡಿ ಬಾಗಿಲವರೆಗೂ ಬಂದು ಕಳಿಸಿಕೊಟ್ಟಳು.

ಕೊನೆಗೆ ಯಾವ ಚರಿತ್ರೆಯನ್ನೂ ಕೇಳದೆ ಕೋಣೆ ಕೊಟ್ಟವರು ಬೆರ್ರಿಯೆಸಾ ಎಂಬ ಬಡಾವಣೆಯ ಖಾಲಾ. ಹುಬ್ಬಳ್ಳಿಯವರು, ಮಗ ಸೊಸೆಯ ಜೊತೆ ಇದ್ದುಕೊಂಡು, ಮನೆಯಲ್ಲೇ ಬಟ್ಟೆ ಹೊಲಿದು ತಮ್ಮದೇ ಸಂಪಾದನೆ ಮಾಡುತ್ತಿದ್ದರು. ಖಾಲಾ ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ. ಅವರ ಮನೆಯಲ್ಲಿ ಮದುವೆಯಾಗದ ಹುಡುಗಿಯ ಕೈಗೆ ಬಾಗಿಲ ಚಾವಿ ಕೊಡುವ ಪದ್ಧತಿಯಿರಲಿಲ್ಲ. ದಿನಾ ಸಂಜೆ ನಾನು ಬೆಲ್ ಒತ್ತಬೇಕು, ಹೊಲಿಗೆ ಯಂತ್ರ ನಿಲ್ಲಬೇಕು, ಅವರು ಬಂದು ತೆಗೆದು "ಯಾಕ ಇಷ್ಟ ತಡಾ?" ಎನ್ನಬೇಕು. ಫ್ರೀವೇಯಲ್ಲಿ ಟ್ರಾಫಿಕ್ಕು ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಏನು ಕೆಲಸವೆಂದು ಕೇಳಿದ್ದಕ್ಕೆ ಮಾತ್ರ "ಕಂಪ್ಯೂಟರ್ ಸೆಕ್ಯುರಿಟಿ" ಎಂದಿದ್ದೆ. ನಿಜ ತಿಳಿದರೆ ಆ ಮನೆಯಲ್ಲಿ ಇರಗೊಡುತ್ತಾರೆಯೇ ಎಂಬ ಅಳುಕಿತ್ತು.

ನನಗೆ ಕಾರ್ಡು ಸಿಗಬೇಕಾದರೆ ಚರಿತ್ರೆಯುಳ್ಳವರೊಬ್ಬರು ಜಾಮೀನು ನಿಲ್ಲಬೇಕಿತ್ತು. "ನಾ ಇದ್ದೀನಲ್ಲ" ಎಂದು ಖಾಲಾ ತಮ್ಮ ಹಳೆಯ ಕಾರಿನಲ್ಲಿ ಬ್ಯಾಂಕಿಗೆ ಕರೆದೊಯ್ದರು. ಪೆನ್ನು ಹಿಡಿದು ನನ್ನ ಪಕ್ಕದಲ್ಲೇ ಕೂತಿದ್ದರು. ಅಲ್ಲಿಯ ಯುವಕ ನಿಮ್ಮ ಕಂಪನಿ ಏನು ಮಾಡುತ್ತದೆ ಎಂದು ಕೇಳಿದ. ವಯಸ್ಸಿನ ತಪಾಸಣೆ ಎಂದೆ. "ಸಿಗರೇಟು ಅಂಗಡಿಗಳಿಗಾ?" ಎಂದ. ಹೂಂ ಅಂದುಬಿಡಬಹುದಿತ್ತು. ಆದರೆ ಇಲ್ಲಿ ಬ್ಯಾಂಕಿನವರ ಮುಂದೆ ಸುಳ್ಳಾಡಿದರೆ ವೀಸಾಕ್ಕೇ ಕುತ್ತೆಂದು ನಂಬಿದ್ದ ಕಾಲ. "ಅಡಲ್ಟ್ ವೆಬ್‌ಸೈಟುಗಳಿಗೆ" ಎಂದೆ.

ಖಾಲಾಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು. ಅವರ ಪೆನ್ನು ನಿಂತಿತು. ಯುವಕ ತನ್ನ ಟೈ ಸರಿಮಾಡಿಕೊಂಡ. ನಾನು ಮೇಜನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಪೆನ್ನು ಓಡಿದ ಸದ್ದು ಕೇಳಿಸಿತು. ಸಹಿ ಹಾಕಿದ್ದರು.

ಮನೆಗೆ ಮರಳಿ ಅಡುಗೆಮನೆ ಸೇರಿದ ಮೇಲೆ ಖಾಲಾ ಕೇಳಿದರು: "ಒಳಗ ಏನದ ಅಂತ ನೀ ನೋಡತೀಯೇನು?"

"ಇಲ್ಲ ಖಾಲಾ. ಬಾಗ್ಲವರೆಗೆ ಅಷ್ಟೇ ನನ್ ಕೆಲ್ಸ. ಮಕ್ಕಳು ಒಳಗೆ ಹೋಗ್ದಂಗೆ ನೋಡ್ಕೊಳೋದು."

"ಮಕ್ಕಳನ್ನ ತಡಿಯೂದು ಚಲೋನ ಅದ. ಆದ್ರ ಪಗಾರಾ ಕೊಡಾವ್ರು ಆ ಅಂಗಡಿಯವ್ರ ಅಲ್ಲೇನು?"

ಹೌದೆಂದು ತಲೆಯಾಡಿಸಿದೆ. ಈ ಪ್ರಶ್ನೆಯನ್ನು ಕಾನೂನು ಮಾಡಿದವರೂ ಕೇಳಿಕೊಂಡಂತೆ ಕಾಣಲಿಲ್ಲ.

"ಹೋಗ್ಲಿ. ನಿನ್ನ ಕೆಲಸಾ, ನೀ ನೋಡ್ಕೋ. ನನ್ನ ಮುಂದ ಮುಚ್ಚಿಟ್ಟಿ, ಅದs ನನಗ ಕೆಟ್ಟ ಅನಸ್ತು. ನಾ ನಿನ್ನ ಕೂಸು ಅಂದ್ಕೊಂಡಿದ್ದೆ, ನೀ ದೊಡ್ಡಾಕಿ ಇದ್ದಿ." ಗೋಡೆಯ ಮೊಳೆಯಿಂದ ಒಂದು ಚಾವಿ ತೆಗೆದು ಮೇಜಿನ ಮೇಲಿಟ್ಟರು. "ಇನ್ ಮ್ಯಾಲ ಬಾಗಲಾ ನೀನs ತಕ್ಕೊಂಡು ಬಾ. ನಾ ಕಾಯಂಗಿಲ್ಲ."

ಮನೆಯಿಂದ ಹೊರಗೆ ಹಾಕುತ್ತಾರೆಂದು ಹೆದರಿದ್ದವಳಿಗೆ ಚಾವಿ ಸಿಕ್ಕಿತ್ತು. ಕೆಲವು ವಾರಗಳಲ್ಲಿ ಕಾರ್ಡೂ ಬಂತು. ಆಫೀಸಿನಲ್ಲಿ ಅದರ ಸಂಖ್ಯೆ ಒತ್ತಿದೆ, ಕಂಪ್ಯೂಟರು ತಕರಾರಿಲ್ಲದೆ ಸ್ವಾಗತಿಸಿತು. ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ಮಂಡ್ಯದಲ್ಲಿ ಕೊರಳಿಗೆ ತಾಳಿ ಬೀಳುವವರೆಗೂ ನಾನು ಹುಡುಗಿಯೇ. ಊರಿಗೆ ಹೋದರೆ ಹೆಂಗಸರ ಮಾತಿನ ನಡುವೆ ನನ್ನನ್ನು "ನೀನು ಒಳಗ್ಹೋಗು" ಎಂದು ಈಗಲೂ ಎಬ್ಬಿಸುತ್ತಾರೆ. ಇಲ್ಲಿ ಒಂದು ಪ್ಲಾಸ್ಟಿಕ್ ತುಂಡಿನಿಂದ ದೊಡ್ಡವಳಾಗಿದ್ದೆ.

ಸಂಜೆ ಚಾವಿ ತಿರುಗಿಸಿ ಒಳಗೆ ಬಂದರೆ ನನ್ನ ತಟ್ಟೆ ಮುಚ್ಚಿಟ್ಟಿರುತ್ತಿತ್ತು, ರೊಟ್ಟಿ ಮೆತ್ತಗೇ ಇರುತ್ತಿತ್ತು. ಒಳಕೋಣೆಯಲ್ಲಿ ಹೊಲಿಗೆ ಯಂತ್ರ ನಿಲ್ಲದೆ ಓಡುತ್ತಿತ್ತು. ಬೇಗ ಬಂದರೂ ಒಂದೇ, ತಡವಾದರೂ ಒಂದೇ, ಕೇಳುವವರಿಲ್ಲ. ಈ ದೇಶಕ್ಕೆ ಬಂದಿಳಿದ ದಿನವೂ ನನಗೆ ಅಷ್ಟು ಒಂಟಿ ಅನ್ನಿಸಿರಲಿಲ್ಲ.

ಇನ್ನೊಂದು ರಾಜ್ಯದ ಕಾನೂನಿಗೆ ತಡೆ ಬಿದ್ದ ಸಂಜೆ, ಕೆಲಸ ಉಳಿಯುತ್ತದೆಯೋ ಇಲ್ಲವೋ ತಿಳಿಯದೆ ಮನೆಗೆ ಬಂದೆ. ಬಾಗಿಲ ಮುಂದೆ ನಿಂತಾಗ ಚಾವಿ ಕೈಯಲ್ಲೇ ಇತ್ತು. ಬೆಲ್ ಒತ್ತಿದೆ. ಹೊಲಿಗೆ ಯಂತ್ರ ನಿಂತಿತು. ಖಾಲಾ ಬಂದು ಬಾಗಿಲು ತೆಗೆದರು.

"ಚಾವಿ ಕಳಕೊಂಡಿಯೇನು?"

"ಇಲ್ಲ ಖಾಲಾ, ಇದೆ."

ಅವರು ನನ್ನ ಕೈ ನೋಡಿದರು, ಆಮೇಲೆ ಮುಖ ನೋಡಿದರು. ಪಕ್ಕಕ್ಕೆ ಸರಿದು ನನ್ನನ್ನು ಒಳಗೆ ಬಿಟ್ಟುಕೊಂಡು, "ಯಾಕ ಇಷ್ಟ ತಡಾ?" ಎಂದರು.