ಲಂಡನ್ನಿಗೆ ಹತ್ತೂವರೆ ಗಂಟೆ

ಡ್ರೈವರಣ್ಣನ ಬಲಗೈ ಕಿಟಕಿಯ ಬಿಸಿಲಿಗೆ ಸುಟ್ಟು ಕರಿಕಾಗಿತ್ತು. ಎಡಗೈ ಬೇರೆ ಯಾರದ್ದನ್ನೋ ತಂದು ಜೋಡಿಸಿದಂತೆ ಬೆಳ್ಳಗಿತ್ತು. ಹಳೇಬೀಡಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವರ ಅಂಬಾಸಿಡರ್ ಪಕ್ಕದಲ್ಲೇ ನನ್ನದೂ ನಿಲ್ಲುತ್ತಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ದುಡಿದು ಸ್ವಂತ ಕಾರು ಮಾಡಿದವನು ನಾನು. ಸ್ಟೇರಿಂಗ್ ಹಿಡಿಯಲು ಕಲಿಸಿದವರು ಅವರು.

ಬೆಂಗಳೂರಿನ ಏರ್‌ಪೋರ್ಟಿಗೆ ಯಾರನ್ನಾದರೂ ಬಿಟ್ಟು ಬಂದರೆ, ಆ ವಿಮಾನ ಇಳಿಯುವವರೆಗೂ ಅವರು ಊಟ ಮುಟ್ಟುತ್ತಿರಲಿಲ್ಲ. ಕೆರೆ ಏರಿಯ ಮೇಲೆ ಕಾರು ನಿಲ್ಲಿಸಿ, ಕೀ ತೆಗೆದು ನಮ್ಮಲ್ಲಿ ಯಾರಿಗಾದರೂ ಕೊಟ್ಟು, ಗಾಜು ಏರಿಸಿ, ಸ್ಟೇರಿಂಗ್ ಹಿಡಿದು ಕೂರುತ್ತಿದ್ದರು.

“ಏನಣ್ಣ, ವಿಮಾನಾನೂ ನೀವೇ ಓಡಿಸ್ತಿದೀರಾ?” ಎಂದು ಸ್ಟ್ಯಾಂಡಿನವರು ರೇಗಿಸುತ್ತಿದ್ದರು.

“ಓಡ್ಸೋನು ಬೇರೆ ಅವ್ನೆ ಕಣ್ರಲಾ. ಕೂರ್ಸಿ ಕಳ್ಸಿದೋನು ನಾನು. ನೆಲ ಮುಟ್ಟೋಗಂಟ ನನ್ ಟ್ರಿಪ್ಪು ಮುಗ್ದಿಲ್ಲ.”

ಅಪ್ಪ ಅಮ್ಮ ಇಲ್ಲದ ತಂಗಿಯನ್ನು ನರ್ಸಿಂಗ್ ಓದಿಸಿದವನು ನಾನೇ. ಅವಳಿಗೆ ಲಂಡನ್ನಿನಲ್ಲಿ ಕೆಲಸ ಸಿಕ್ಕಿತು. ಡ್ರೈವರಣ್ಣನ ಕಾರಿನಲ್ಲೇ ಹೋಗಿ ಬಿಟ್ಟು ಬಂದೆವು. ಟಿಕೆಟ್ಟಿನಲ್ಲಿ ಬೆಳಿಗ್ಗೆ ಏಳಕ್ಕೆ ಹೊರಟು ಮಧ್ಯಾಹ್ನ ಹನ್ನೆರಡಕ್ಕೆ ಇಳಿಯುತ್ತದೆ ಎಂದಿತ್ತು.

“ಐದೇ ಗಂಟೆ! ನಮ್ಮೂರಿಂದ ಬೆಂಗಳೂರಿಗೂ ಅಷ್ಟೇ” ಎಂದು ಬೀಗಿದೆ.

“ಹನ್ನೆರಡು ಅನ್ನೋದು ಅಲ್ಲಿನ ಗಡಿಯಾರ ಕಣ್ಲಾ. ಎಂಟು ಸಾವಿರ ಕಿಲೋಮೀಟ್ರು ಐತೆ, ಹತ್ತೂವರೆ ಗಂಟೆ ಬೇಕು. ನಮ್ಗೆ ಆಗ ಸಂಜೆ ಐದೂವರೆ.” ಗುಡಿ ನೋಡಲು ಬಂದ ಪರದೇಶದವರನ್ನೆಲ್ಲ ಕೇಳಿ ಕೇಳಿ ಇಟ್ಟುಕೊಂಡಿದ್ದ ಲೆಕ್ಕ ಅದು.

ಊರಿಗೆ ಬಂದವರೇ ಕೀ ನನಗೆ ಕೊಟ್ಟು ಏರಿಯ ಮೇಲೆ ಕಾರಿನಲ್ಲಿ ಕೂತರು. ಐದೂವರೆ ಆಯಿತು. ಅವರು ಏಳಲಿಲ್ಲ. ನಾನು ಏರಿಗೆ ಹೋಗಿ ಗಾಜು ತಟ್ಟಿದೆ.

“ಇಳಿದಿರ್ತಾಳೆ ಏಳಣ್ಣ, ಉಣ್ಣು.”

“ಇಲ್ಲ ಕಣ್ಲಾ. ಸುತ್ತುತಾ ಐತೆ.”

ನನಗೆ ರೇಗಿತು. ಪಕ್ಕದಲ್ಲಿ ಕೂತು, ಅವರ ಕೈ ಬಿಡಿಸಿ ಎಬ್ಬಿಸಲೆಂದು ಸ್ಟೇರಿಂಗಿನ ಮೇಲೆ ಕೈ ಇಟ್ಟೆ. ಎಂಜಿನ್ ಓಡುತ್ತಿರುವ ಹಾಗೆ ಅದು ಅದುರುತ್ತಿತ್ತು. ಕೀ ನನ್ನ ಜೇಬಿನಲ್ಲಿತ್ತು. ಕೆರೆಯ ನೀರು ಅಲುಗುತ್ತಿರಲಿಲ್ಲ. ಕೈ ತೆಗೆಯಲು ಧೈರ್ಯವಾಗಲಿಲ್ಲ; ತೆಗೆದರೆ ಅವಳಿಗೆ ಏನಾದೀತೋ ಎಂದು ಹಾಗೇ ಹಿಡಿದು ಕೂತೆ. ಆರೂ ಹತ್ತಕ್ಕೆ ಅದುರುವುದು ನಿಂತಿತು.

“ಇಳಿದ್ಲು” ಎಂದು ಡ್ರೈವರಣ್ಣ ಬುತ್ತಿ ಬಿಚ್ಚಿದರು.

ಆಮೇಲೆ ತಂಗಿಯ ಫೋನ್ ಬಂತು. ಮಂಜು ಕವಿದು ವಿಮಾನ ನಲವತ್ತು ನಿಮಿಷ ಮೇಲೆಯೇ ಸುತ್ತಿತಂತೆ.

ಎರಡು ವರ್ಷದ ಮೇಲೆ ಅವಳು ರಜೆಗೆ ಹೊರಟಳು. ಕರೆತರಲು ನಾನು ಏರ್‌ಪೋರ್ಟಿಗೆ ಹೋಗಿದ್ದೆ. ಅವಳಿನ್ನೂ ಆಕಾಶದಲ್ಲಿದ್ದಾಗಲೇ ಮೊಬೈಲಿಗೆ ಊರಿಂದ ಸುದ್ದಿ ಬಂತು: ಏರಿಯ ಮೇಲೆ ಕಾರಿನಲ್ಲಿ ಕೂತಿದ್ದಾಗಲೇ ಎದೆನೋವು ಬಂದು ಡ್ರೈವರಣ್ಣ ತೀರಿಕೊಂಡಿದ್ದರು. ಮನೆ ಮುಟ್ಟುವವರೆಗೂ ಅವಳಿಗೆ ಹೇಳಬಾರದು ಎಂದುಕೊಂಡೆ.

ಹೊರಗೆ ಬಂದವಳು ಸಾಮಾನಿನ ಗಾಡಿ ಬಿಟ್ಟು ನೇರ ನನ್ನ ಹತ್ತಿರ ಬಂದಳು.

“ಡ್ರೈವರಣ್ಣ ಹೋಗ್ಬಿಟ್ರಾ?”

“ಯಾರೇ ಹೇಳಿದ್ರು?”

“ಯಾರೂ ಇಲ್ಲ ಕಣಣ್ಣ. ಆವತ್ತು ವಿಮಾನದಲ್ಲಿ ಹೋಗುವಾಗ ದಾರಿಯುದ್ದಕ್ಕೂ ಯಾರೋ ಪಕ್ಕದಲ್ಲಿ ಕೂತಂಗಿತ್ತು. ನೀನು ಸ್ಟೇರಿಂಗ್ ಅದುರಿದ್ದು ಹೇಳಿದ್ಮೇಲೆ ಅವರೇ ಅಂತ ಗೊತ್ತಾಯ್ತು. ಈ ಸಲಾನೂ ಕೂತಿದ್ರು. ಅರ್ಧ ದಾರೀಲಿ ಎದ್ದು ಹೋದ್ರು.”