ಒಗೆಯದ ಅಂಗಿ

ನಮ್ಮಕ್ಕನ ಮೂಗಿನ ಮುಂದೆ ಯಾರ ಗುಟ್ಟೂ ನಿಲ್ಲುವುದಿಲ್ಲ. ಒಗೆಯಲು, ಇಸ್ತ್ರಿ ಮಾಡಲು ನಮ್ಮ ಅಂಗಡಿಗೆ ಬಂದ ಅಂಗಿಯನ್ನು ಒಮ್ಮೆ ಮೂಸಿದರೆ ಸಾಕು, ಯಜಮಾನರು ನಿನ್ನೆ ಆಫೀಸಿಗೆ ಹೋಗಿದ್ದರೋ ಬಾರಿಗೆ ಹೋಗಿದ್ದರೋ ಹೇಳಿಬಿಡುತ್ತಾಳೆ. ಹೇಳುವುದು ನನಗೆ ಮಾತ್ರ. ಬಟ್ಟೆ ಮಡಚುವ ಕೆಲಸ ನನ್ನದು, ಊರ ಉಸಾಬರಿಯೂ ನನ್ನದೇ.

ಇಂಥವಳು ತನ್ನ ಮನೆಯಲ್ಲೇ ಒಂದು ಅಂಗಿಯನ್ನು ಎರಡು ವರ್ಷದಿಂದ ಒಗೆಯದೆ ಇಟ್ಟಿದ್ದಳು. ಅದು ಭಾವನದು. ಲಾರಿಯಿಂದ ಇಳಿದು ಬಂದು ಗೂಟಕ್ಕೆ ತಗುಲಿಹಾಕಿದ ನೀಲಿ ಅಂಗಿ. ಆ ಮಧ್ಯಾಹ್ನವೇ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಮಗಳಿಗೆ ಚಿಕ್ಕಂದಿನಿಂದ ಉಬ್ಬಸ ಎಂದು ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ಸಿಗರೇಟು ಸೇದುತ್ತಿದ್ದರು. ಹೊಗೆ ಆಚೆ ಹೋದರೆ ಪಾಪವೂ ಆಚೆ ಹೋಯಿತು ಎಂದುಕೊಂಡಿದ್ದರು, ಪುಣ್ಯಾತ್ಮ! ಅದೇ ಹೊಗೆಯ ಅಂಗಿಯಲ್ಲಿ ಮಗಳನ್ನು ಎತ್ತಿಕೊಳ್ಳುತ್ತಿದ್ದರು. ಆದರೂ ಹೇಳುತ್ತೇನೆ, ಅವರಿದ್ದಾಗ ಮನೆ ಮನೆಯಾಗಿತ್ತು. ಮಗಳ ಮಾತಿಗೆ ಮರುಳಾಗಿ ಗಿಣಿ ಎಂದು ಕರೆದವರೂ ಅವರೇ.

ಅಕ್ಕ ಬೀರು ತೆಗೆದು ಆ ಅಂಗಿಗೆ ಮುಖ ಒತ್ತಿ ನಿಲ್ಲುವುದನ್ನು ಎಷ್ಟೋ ಸಲ ಕಂಡೂ ಕಾಣದ ಹಾಗೆ ಇದ್ದೇನೆ. ನನ್ನ ಬಾಯಿ ಮುಚ್ಚಿದ್ದು ಅದೊಂದೇ ಕಡೆ. ವಾಸನೆ ಬರಬರುತ್ತಾ ಕಡಿಮೆಯಾಗುತ್ತಿದೆ ಎಂದು ಅವಳೇ ಒಮ್ಮೆ ಹೇಳಿ ಅತ್ತಳು.

ಈ ಸಲ ಗಿಣಿ ಹತ್ತನೇ ತರಗತಿ. ಶಾಲೆ ಶುರುವಾದ ಮೇಲೆ ಉಬ್ಬಸ ಹೆಚ್ಚಾಯಿತು. ಮಾತಿನ ಮಲ್ಲಿ, ಅರ್ಧ ಮಾತಿಗೇ ನಿಲ್ಲಿಸಿ ಉಸಿರು ಹುಡುಕುತ್ತಿದ್ದಳು. ಇನ್‌ಹೇಲರ್ ಎಳೆದರೂ ಮೊದಲಿನ ಹಾಗೆ ತಗ್ಗುತ್ತಿರಲಿಲ್ಲ. ಡಾಕ್ಟರಮ್ಮ ಅವಳನ್ನು ಆಚೆ ಕೂರಿಸಿ, ಮನೆಯಲ್ಲಿ ಯಾರು ಸೇದುತ್ತಾರೆ ಎಂದು ಕೇಳಿದರು. ಸೇದುವವರು ಹೋಗಿ ಎರಡು ವರ್ಷವಾಯಿತು ಎಂದು ನಾನು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಹಾಗಾದರೆ ಹುಡುಗಿಯನ್ನೇ ಮೆಲ್ಲಗೆ ಕೇಳಿ ನೋಡಿ, ಉಬ್ಬಸವಿರುವ ಮಕ್ಕಳೂ ಈ ವಯಸ್ಸಿನಲ್ಲಿ ಸೇದುತ್ತಾರೆ, ಸೇದಿದರೆ ಉಸಿರಿನ ದಾರಿ ಇನ್ನಷ್ಟು ಬಿಗಿಯುತ್ತದೆ, ಔಷಧವೂ ಸರಿಯಾಗಿ ನಾಟುವುದಿಲ್ಲ ಎಂದರು. ನಮ್ಮ ಗಿಣಿಯೇ? ನನಗೆ ಮೈಯೆಲ್ಲ ಉರಿಯಿತು.

ಅಕ್ಕ ಮನೆಗೆ ಬಂದವಳೇ ಬೀರು ತೆಗೆದು ಅಂಗಿಯನ್ನು ಮೂಸಿದಳು, ಮತ್ತೆ ಮೂಸಿದಳು. ಕಡಿಮೆಯಾಗುತ್ತಿದ್ದ ವಾಸನೆ ಕೆಲವು ತಿಂಗಳಿಂದ ಮತ್ತೆ ಜಾಸ್ತಿಯಾಗಿತ್ತಂತೆ. ಗಂಡ ಹತ್ತಿರ ಬಂದನೆಂದು ಸಂತೋಷಪಟ್ಟಿದ್ದಳಂತೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು.

ಬಾಗಿಲಲ್ಲಿ ನಿಂತಿದ್ದ ಗಿಣಿಯನ್ನು ಬೈಯಲು ನಾನು ಸೆರಗು ಸಿಕ್ಕಿಸುವಷ್ಟರಲ್ಲಿ ಅವಳೇ ಬಾಯಿ ಬಿಟ್ಟಳು.

"ಅಪ್ಪನ ವಾಸನೆ ಹೋಗ್ತಾ ಇತ್ತಮ್ಮ. ನೀನು ಅಳ್ತಿದ್ದೆ. ಅಪ್ಪ ಸೇದ್ತಿದ್ದ ಸಿಗರೇಟನ್ನೇ ತಂದು, ಎಳೆದು ಅಂಗಿ ಮೇಲೆ ಊದ್ತಿದ್ದೆ. ಈಗ ನಂಗೇ ಬೇಕು ಅನ್ಸುತ್ತೆ. ಬಿಡೋಕಾಗ್ತಿಲ್ಲ."

ನಾನು ಸಿಕ್ಕಿಸುತ್ತಿದ್ದ ಸೆರಗನ್ನು ಬಿಟ್ಟುಬಿಟ್ಟೆ. ಅಕ್ಕ ಮಗಳನ್ನು ಎಳೆದು ಅಪ್ಪಿಕೊಂಡಳು. ಆ ಎಳೆಯ ಎದೆಯ ಸುಂಯ್ ಸುಂಯ್ ಸದ್ದು ನಾನು ನಿಂತಲ್ಲಿಗೇ ಕೇಳುತ್ತಿತ್ತು. ನಾಳೆ ಡಾಕ್ಟರಮ್ಮನ ಹತ್ತಿರ ಎಲ್ಲ ಹೇಳೋಣ, ಬಿಡಿಸುವ ದಾರಿ ಅವರೇ ತೋರಿಸುತ್ತಾರೆ ಎಂದು ಅಕ್ಕ ಅವಳ ತಲೆ ಸವರಿದಳು. ಆಮೇಲೆ ಅಂಗಿಯನ್ನು ಬಕೆಟ್ಟಿಗೆ ಹಾಕಿದಳು. ಒಗೆದ ನೀರನ್ನು ಚೆಲ್ಲುವಾಗ ಮಾತ್ರ ಅವಳ ಕೈ ತಡೆಯಿತು.

ಮರುದಿನ, ಡಾಕ್ಟರಮ್ಮನ ಹತ್ತಿರ ಹೊರಡುವ ಮೊದಲು, ಅಕ್ಕ ಒಣಗಿದ ಅಂಗಿಯನ್ನು ಅಂಗಡಿಯ ಮೇಜಿನ ಮೇಲೆ ಹರಡಿ, ಗಿಣಿಯನ್ನು ಬೀದಿಯ ಆಚೆ ಬದಿಗೆ ಕಳಿಸಿದಳು. ನಮ್ಮ ಕಸುಬಿನವರಿಗೆ ಗೊತ್ತು, ಎಷ್ಟು ಒಗೆದರೂ ನೂಲಿನಲ್ಲಿ ಉಳಿದ ವಾಸನೆ ಬಿಸಿ ಇಸ್ತ್ರಿ ತಗುಲಿದಾಗ ಒಮ್ಮೆ ಮೇಲೇಳುತ್ತದೆ. ಎದ್ದಿತು. ಅಂಗಡಿಯೊಳಗೆ ಭಾವ ಬಂದು ನಿಂತ ಹಾಗಾಯಿತು. ಅದರಲ್ಲಿ ಅಪ್ಪನದೆಷ್ಟೋ ಮಗಳದೆಷ್ಟೋ, ಅಕ್ಕನ ಮೂಗಿಗೇ ಗೊತ್ತು. ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡಳು.

"ಅಮ್ಮಾ, ಅಪ್ಪನ ವಾಸನೆ ಇದೆಯಾ?" ಬೀದಿಯಾಚೆಯಿಂದ ಗಿಣಿ ಕೂಗಿದಳು.

"ಇಲ್ಲ ಮಗಳೇ, ಬರೀ ಸೋಪಿಂದು," ಎಂದಳು ಅಕ್ಕ. ಹಬೆ ಪೂರ್ತಿ ಆರುವವರೆಗೂ ಅವಳನ್ನು ಒಳಗೆ ಕರೆಯಲಿಲ್ಲ.