ಹಾಡಿದವರು: ಗೊತ್ತಿಲ್ಲ

ಭೂತ, ಆವೇಶ ಅಂತ ಯಾರಾದರೂ ಮಾತು ಶುರು ಮಾಡಿದರೆ ಹಾಲು ಕಾಯಿಸುವ ನೆಪ ಹೇಳಿ ಒಳಗೆ ಎದ್ದು ಹೋಗುವವಳು ನಾನು. ನರಸಿಂಹರಾಜಪುರದಲ್ಲಿ ಕಾನ್ವೆಂಟಿನಲ್ಲಿ ಓದುವಾಗ ನಮ್ಮ ಸಿಸ್ಟರ್ ಒಬ್ಬರು, ಬಾಗಿಲು ತಾನಾಗಿ ಬಡಿದುಕೊಂಡರೆ ಮೊದಲು ಕಿಟಕಿ ತೆರೆದಿದೆಯೇ ನೋಡಿ ಎನ್ನುತ್ತಿದ್ದರು. ಈಗಲೂ ನಾನು ಮೊದಲು ನೋಡುವುದು ಕಿಟಕಿಯನ್ನೇ. ಹಾಗಾಗಿ ಇಲ್ಲಿ ಬರೆಯುತ್ತಿರುವುದನ್ನು ನೀವು ನಂಬಬೇಕೆಂದು ಕೇಳುವುದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಕೊಪ್ಪದ ಒಂದು ಸಣ್ಣ ವಾಚನಾಲಯಕ್ಕೆ ಬಿಡುವಿನ ಹೊತ್ತಿನಲ್ಲಿ ಹೋಗುತ್ತಿದ್ದೆ. ತೀರಿಹೋದ ಮೇಷ್ಟ್ರೊಬ್ಬರು ಬಹಳ ಹಿಂದೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಕಮ್ಮರಡಿ, ಮೆಣಸೆ, ಕೆರೆಕಟ್ಟೆ ಕಡೆಯ ಮನೆಗಳಲ್ಲಿ ಹೆಂಗಸರ ಮದುವೆ ಹಾಡುಗಳನ್ನು ರೆಕಾರ್ಡ್ ಮಾಡಿದ್ದರು. ಆ ಕ್ಯಾಸೆಟ್ಟುಗಳು ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ವಾಚನಾಲಯಕ್ಕೆ ಬಂದಿದ್ದವು. ಕೆಲವಕ್ಕೆ ಬಿಳಿ ಬೂಷ್ಟು ಹಿಡಿದಿತ್ತು. ಅವನ್ನು ಕಂಪ್ಯೂಟರಿಗೆ ಇಳಿಸಿ, ಪ್ರತಿ ಹಾಡಿಗೂ ಮೊದಲ ಸಾಲು, ಊರು, ಸಂದರ್ಭ, ಹಾಡಿದವರು ಎಂದು ವಿವರ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ವಿವರವಿಲ್ಲದಿದ್ದರೆ ದನಿ ಉಳಿದರೂ ಹುಡುಕಿ ಬಂದವರಿಗೆ ಸಿಗುವುದಿಲ್ಲ.

ತೊಡಕಿದ್ದದ್ದು ಆ ಕೊನೆಯ ವಿವರದಲ್ಲೇ. ಹೆಂಗಸರು ಹೊರಗಿನ ಗಂಡಸಿನ ಎದುರು ಕುಳಿತು ಹಾಡಲು ನಾಚುತ್ತಿದ್ದರಂತೆ. ಮೇಷ್ಟ್ರು ಯಂತ್ರವನ್ನು ಒಳಕೋಣೆಯ ಹೊಸ್ತಿಲಲ್ಲಿಟ್ಟು, ಗುಂಡಿ ಒತ್ತಿ, ತಾವು ಜಗಲಿಗೆ ಹೋಗಿ ಕೂರುತ್ತಿದ್ದರು. ಒಳಗೆ ಯಾವ ಹಾಡು ಯಾರು ಹಾಡಿದರೆಂದು ಅವರಿಗೂ ತಿಳಿಯದು. ಆಮೇಲೆ ಕೇಳಿದರೆ ಯಜಮಾನರು ಮನೆಯ ಹೆಸರು ಹೇಳುತ್ತಿದ್ದರು. ಕ್ಯಾಸೆಟ್ಟಿನ ಮೇಲೆ ‘ಮೇಲಿನಮನೆ’, ‘ಕೆಳಗಿನಮನೆ’ ಎಂದಷ್ಟೇ ಇರುತ್ತಿತ್ತು. ನಮ್ಮ ಕಾರ್ಯದರ್ಶಿಗಳಿಗೆ ಇದೊಂದು ತಮಾಷೆ. “ಮನೆ ಹಾಡ್ತದಾ ಮಾರಾಯ್ರೆ? ಹೆಂಚಿನ ಮಾಡು ಶ್ರುತಿ ಹಿಡೀತದಾ?” ಎಂದು ನಗುತ್ತಿದ್ದರು.

ಒಂದು ಏಪ್ರಿಲ್ ಮಧ್ಯಾಹ್ನ ಕೆರೆಕಟ್ಟೆಯಿಂದ ಸಾವಿತ್ರಕ್ಕ ಎನ್ನುವವರು ಬಂದರು. ನನಗಿಂತ ಸ್ವಲ್ಪ ದೊಡ್ಡವರು. ಬಸ್ ಸ್ಟ್ಯಾಂಡಿನಲ್ಲಿ ಚಪ್ಪಲಿ ಕಿತ್ತುಹೋಗಿ, ಅದನ್ನು ಕೈಚೀಲಕ್ಕೆ ಹಾಕಿಕೊಂಡು ಬರಿಗಾಲಲ್ಲೇ ಟಾರು ರಸ್ತೆ ಹತ್ತಿಬಂದಿದ್ದರು. ನಲ್ಲಿಯಲ್ಲಿ ಕಾಲು ತೊಳೆದು ಒಳಗೆ ಬಂದಾಗ ಸಿಮೆಂಟ್ ನೆಲದ ಮೇಲೆ ಒದ್ದೆ ಹೆಜ್ಜೆಗಳು ಮೂಡಿ, ನಾನು ನೋಡುತ್ತಿದ್ದಂತೆ ಆರಿಹೋದವು.

ಅವರ ತಾಯಿ ಭಾಗೀರಥಿ ತೀರಿಕೊಂಡಾಗ ಸಾವಿತ್ರಕ್ಕ ಇನ್ನೂ ನಡೆಯಲು ಕಲಿತಿರದ ಕೂಸು. ಅದಕ್ಕೂ ಸ್ವಲ್ಪ ಮೊದಲು ಚಿಕ್ಕಮ್ಮನ ಮದುವೆಯಲ್ಲಿ ಮೇಷ್ಟ್ರು ಬಂದು ರೆಕಾರ್ಡ್ ಮಾಡಿದ್ದರೆಂದು ಅವರಿಗೆ ಯಾರೋ ಹೇಳಿದ್ದರು. “ಅಮ್ಮ ಚಂದ ಹಾಡ್ತಿದ್ಲು ಅಂತ ಆಗಿನ ಊರವರೆಲ್ಲ ಹೇಳ್ತಿದ್ರು. ನಾನು ಮಾತ್ರ ಕೇಳಿದ್ದಿಲ್ಲ” ಎಂದರು. ಆ ದಿನ ಹಾಡಿದವರಲ್ಲಿ ಈಗ ಯಾರೂ ಉಳಿದಿರಲಿಲ್ಲ. ಗುರುತು ಹಿಡಿದು ಹೇಳುವವರೂ ಇರಲಿಲ್ಲ. ಕೇಳಿದರೆ ತನಗೆ ತಿಳಿದೀತು ಎಂಬ ಆಸೆ ಅವರದು.

ಕ್ಯಾಸೆಟ್ ಹುಡುಕಿ ಹಾಕಿದೆ. ಜೊತೆಗೇ ಕಂಪ್ಯೂಟರಿಗೂ ಇಳಿಯುತ್ತಿತ್ತು. ಹಸೆಗೆ ಕರೆಯುವ ಹಾಡು ಬಂತು. ನಾಲ್ಕು ದನಿಗಳು, ಒಂದಾದ ಮೇಲೊಂದು. ಸಾವಿತ್ರಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದರು. ಪ್ರತಿ ದನಿಗೂ ತಲೆ ಎತ್ತುವರು, ಮತ್ತೆ ಬಗ್ಗಿಸುವರು. “ಇದಾ? ಇದಲ್ವೇನೋ. ಗೊತ್ತಾಗ್ತಿಲ್ಲ ಮಾರಾಯ್ತಿ.” ಹಾಡು ಮುಗಿಯಿತು. ಬಳೆಯ ಸದ್ದು, ಯಾರೋ ನಕ್ಕದ್ದು, ಆಮೇಲೆ ಬರೀ ಟೇಪಿನ ಸರಸರ. ನಿಲ್ಲಿಸಲು ಕೈ ಚಾಚಿದೆ.

ಆಗ ಒಂದು ಹೆಣ್ಣು ದನಿ ತೀರಾ ಹತ್ತಿರದಿಂದ ಮಾತಾಡಿತು. “ಸಾವಿತ್ರೀ, ಬರಿಗಾಲಲ್ಲಿ ಬಂದ್ಯೇನೆ? ಕಾಲು ಸುಟ್ಟಿರ್ತದೆ. ನೆಳ್ಳಿಗೆ ಬಾ.”

ಸಾವಿತ್ರಕ್ಕ ಬೈಸಿಕೊಂಡ ಮಗುವಿನ ಹಾಗೆ ಎರಡೂ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು.

ನಾನು ಎದ್ದು ಕಿಟಕಿ ನೋಡಿದೆ. ಕೆಳಗೆ ಬಾಗಿಲು ಹಾಕಿದ ಅಂಗಡಿ, ಅದರ ನೆರಳಲ್ಲಿ ಮಲಗಿದ ನಾಯಿ. ಪಕ್ಕದ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚಿದ್ದ ಕಾರ್ಯದರ್ಶಿಗಳನ್ನು ಕೇಳಿದೆ. “ಹಾಡು ಕೇಳ್ತು. ಆಮೇಲೆ ಎಂತದೂ ಇಲ್ಲ. ನೀವೂ ಸುಮ್ನಾದ್ರಿ” ಎಂದರು. ಟೇಪನ್ನು ಹಿಂದಕ್ಕೆ ತಿರುಗಿಸಿ ಹಾಕಿದೆ. ಬಳೆ, ನಗು, ಸರಸರ. ಕಂಪ್ಯೂಟರಿಗೆ ಇಳಿದದ್ದನ್ನು ನೋಡಿದೆ. ಹಾಡಿದ್ದ ಕಡೆ ಪರದೆಯಲ್ಲಿ ದನಿಯ ಗೆರೆ ಎದ್ದು ಬಿದ್ದು ಓಡಿತ್ತು. ಆ ಮಾತಿರಬೇಕಾದ ಜಾಗದಲ್ಲಿ ನೀರಿನ ಹಾಗೆ ಸಮ ಇತ್ತು.

“ಇನ್ನೊಂದ್ಸಲ ಹಾಕಿ” ಎಂದರು ಸಾವಿತ್ರಕ್ಕ. ಬೂಷ್ಟು ಹಿಡಿದ ಟೇಪನ್ನು ಹಾಗೆ ಮತ್ತೆ ಮತ್ತೆ ಓಡಿಸಬಾರದು ಎಂದು ಹೇಳಿದೆ. ಅವರ ಮುಖ ನೋಡಿ ಹಾಕಿದೆ. ಮತ್ತೆ ಕೇಳಿದರು, ಮತ್ತೆ ಹಾಕಿದೆ. ಕೊನೆಗೆ ಟೇಪು ಒಳಗೆ ಸಿಕ್ಕಿಕೊಂಡು ಕಡಿದೇ ಹೋಯಿತು. ಬಿಡಿಸಿ ತೆಗೆದಾಗ ಸುಕ್ಕುಸುಕ್ಕಾಗಿ ಬೆರಳಿಗೆ ಕಂದುಪುಡಿ ಹತ್ತಿತು.

ಅವರಿಗೆ ಏನಾದರೂ ಕೊಟ್ಟು ಕಳಿಸಬೇಕೆನ್ನಿಸಿತು. “ಎರಡನೆಯ ದನಿ ಆ ಮಾತಿನ ದನಿಗೆ ಸ್ವಲ್ಪ ಹತ್ತಿರ ಇದೆ ಅಕ್ಕ. ಅಲ್ಲಿ ಭಾಗೀರಥಿ ಅಂತ ಬರೆಯಲಾ?” ಎಂದೆ.

“ಬೇಡ” ಎಂದರು. “ಅದು ಬೇರೆಯವರ ಅಮ್ಮ ಆಗಿದ್ರೆ? ನಾಳೆ ಅವಳ ಮಕ್ಕಳೂ ನನ್ನ ಹಾಗೇ ಹುಡುಕ್ಕೊಂಡು ಬಂದ್ರೆ?”

ನಾಲ್ಕು ದನಿಗಳ ಮುಂದೆಯೂ ‘ಗೊತ್ತಿಲ್ಲ’ ಎಂದು ಬರೆದೆ. ಇಳಿದಷ್ಟನ್ನು ಅವರ ಫೋನಿಗೆ ಹಾಕಿಕೊಟ್ಟೆ.

ಆಮೇಲೆ ನಾನು ಯೋಚಿಸದ ಕಾರಣವಿಲ್ಲ. ಸಾವಿತ್ರಿ ಎಂಬ ಹೆಸರು ನಮ್ಮ ಕಡೆ ಮನೆಗೊಂದು. ಆ ಮದುವೆಯ ಬಿಸಿಲಿಗೂ ಯಾವುದೋ ಸಾವಿತ್ರಿ ಬರಿಗಾಲಲ್ಲಿ ಬಂದಿರಬಹುದು. ಹಾಗಿದ್ದರೆ ಅದು ಕಂಪ್ಯೂಟರಿನಲ್ಲೂ ಇರಬೇಕಿತ್ತು. ಸೆಕೆಗೆ, ಅವರ ದುಃಖಕ್ಕೆ ನನ್ನ ಕಿವಿ ಮೋಸಹೋಗಿರಬಹುದು. ಆದರೆ ಒಂದೇ ಮಾತನ್ನು ಇಬ್ಬರೂ ಕೇಳಿದ್ದೆವು. ಕಿತ್ತ ಚಪ್ಪಲಿಯನ್ನು ನೋಡಿದ್ದವಳು ನಾನೇ, ಆ ಮಾತನ್ನು ನಾನೇ ಕಲ್ಪಿಸಿಕೊಂಡೆ ಎಂದು ಎಷ್ಟೋ ಸಲ ಒಪ್ಪಿಕೊಳ್ಳಲು ನೋಡಿದ್ದೇನೆ. ಆಗ ಪಾದ ಎಳೆದುಕೊಂಡ ಸಾವಿತ್ರಕ್ಕ ಕಣ್ಣೆದುರು ಬರುತ್ತಾರೆ.

ಮಳೆಗಾಲ ಕಳೆದ ಮೇಲೆ ಫೋನ್ ಮಾಡಿ, ಹಾಡು ಕೇಳುತ್ತೀರಾ ಎಂದು ವಿಚಾರಿಸಿದೆ.

“ಬಿಟ್ಟೆ ಮಾರಾಯ್ತಿ” ಎಂದರು. “ಮೊದಮೊದಲು ದಿನಾ ಕೇಳ್ತಿದ್ದೆ. ಆದ್ರೆ ಅವತ್ತು ಅಲ್ಲಿ ಕೇಳಿದ ದನಿ ಈ ನಾಲ್ಕರಲ್ಲಿ ಯಾವುದೂ ಅಲ್ಲ. ಅಮ್ಮ ಆ ಮದುವೇಲಿ ಹಾಡ್ಲೇ ಇಲ್ಲ ಅನ್ನಿಸ್ತದೆ. ಸುಮ್ನೆ ಕೇಳ್ತಾ ಕೂತಿದ್ಲೇನೋ.”

ನಮ್ಮ ವಿವರಗಳಲ್ಲಿ ಸುಮ್ಮನೆ ಕೂತವರ ಹೆಸರು ಬರೆಯಲು ಜಾಗವಿಲ್ಲ.